ಹೆಸರು ಹೇಳುವ ಹೊತ್ತು

ಪ್ರಾರ್ಥನೆಯ ಕುರಿತು ನಾಲ್ಕು ಮಾತು ಬರೆದುಕೊಡಿರೆಂದು ಸಂಘದ ಮಿತ್ರರು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಪಂಡಿತನಲ್ಲ. ಬ್ಯಾಂಕಿನಲ್ಲಿ ಅಂಕಿ ಕೂಡಿಸುತ್ತ ಮುಪ್ಪಾದವನು. ಒಂದು ಕಾಲಕ್ಕೆ ದೇವರ ಮುಂದೆ ದೀಪ ಹಚ್ಚುವುದನ್ನೇ ಬಿಟ್ಟವನು. ಬರೆದರೆ ಆ ಸಂಗತಿಯನ್ನೇ ಬರೆಯಬೇಕಾದೀತು ಎಂದೆ. ಒಪ್ಪಿದರು.

1983ರಲ್ಲಿ ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ದ್ವಾರಕಾನಗರದಲ್ಲಿ ಮನೆ ಹಿಡಿದೆವು. ನನಗೆ ಬ್ಯಾಂಕು ಹತ್ತಿರ. ಅವ್ವನಿಗೆ ಎಲ್ಲವೂ ದೂರ. ತೆಲುಗು ಬಾರದು. ಲಿಪಿ ನಮ್ಮದರಂತೆಯೇ ಕಾಣುವುದರಿಂದ ಅಂಗಡಿಯ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದುವಳು. ಅರ್ಥವಾಗದಿದ್ದರೆ "ತಪ್ಪು ಬರದಾರ" ಎಂದುಬಿಡುವಳು.

ಸಂಜೆ ದೀಪ ಹಚ್ಚಿ, ಗಂಟೆ ಬಾರಿಸಿ, ಒಂದು ದಾಸರ ಪದ ಹೇಳಿ, ಆಮೇಲೆ ಅವ್ವ ಹೆಸರುಗಳನ್ನು ಹೇಳುತ್ತಿದ್ದಳು. ಹುಬ್ಬಳ್ಳಿಯ ಅಕ್ಕ, ಗದಗಿನ ಕಾಕಾ, ತೀರಿಹೋದ ಅಪ್ಪ, ಮೊಮ್ಮಗ, ಕೊನೆಗೆ ಬೀದಿಯಲ್ಲಿ ಕಾಯಿಪಲ್ಯ ಮಾರುವ ಹೆಂಗಸು. ಬರೀ ಹೆಸರು. ಒಳ್ಳೆಯದು ಮಾಡು ಎಂದೂ ಇಲ್ಲ, ಕಾಪಾಡು ಎಂದೂ ಇಲ್ಲ. ಒಮ್ಮೆ ಕೇಳಿದೆ: "ಏನೂ ಬೇಡಿಕೊಳ್ಳೂದಿಲ್ಲಲ್ಲ ಅವ್ವಾ?"

"ಏನು ಬೇಕು ಅಂತ ಅವಂಗ ಗೊತ್ತಿಲ್ಲೇನಪಾ? ನಾ ಯಾರನ್ನೂ ಮರೀಬಾರದು ಅಂತ ಹೇಳ್ತೀನಿ."

ನಾನು ನಕ್ಕೆ. ನನ್ನ ಪ್ರಾರ್ಥನೆ ಸಾಲದ ಅರ್ಜಿಯ ಜಾತಿಯದು: ಇಂಥ ಕಾರಣಕ್ಕೆ, ಇಷ್ಟು, ಇಂಥ ತಾರೀಖಿನೊಳಗೆ.

ಇಲ್ಲಿನ ದೇವರಿಗೆ ಕನ್ನಡ ತಿಳಿದೀತೇ ಎಂಬ ಚಿಂತೆ ಮಾತ್ರ ಅವ್ವನಿಗಿತ್ತು. ಅದು ಪರಿಹಾರವಾದದ್ದು ಶ್ರೀಕಾಕುಳದ ಹತ್ತಿರದ ಶ್ರೀಕೂರ್ಮಕ್ಕೆ ಹೋದಾಗ. ಮಧ್ವಾಚಾರ್ಯರ ಶಿಷ್ಯರಾದ ನರಹರಿತೀರ್ಥರು ಗಂಗ ಅರಸರ ಕಾಲದಲ್ಲಿ ಈ ಕಳಿಂಗ ಸೀಮೆಯ ಆಡಳಿತ ನೋಡಿಕೊಂಡವರು. ಅವರ 1281ರ ಶಾಸನ ಅಲ್ಲಿದೆ. ಸಿಂಹಾಚಲದಲ್ಲಿಯೂ ಅವರ ಶಾಸನಗಳಿವೆ. ಕನ್ನಡದಲ್ಲಿ ದೇವರನಾಮ ರಚಿಸಿದ ಮೊದಲಿಗರಲ್ಲಿ ಅವರನ್ನು ಎಣಿಸುತ್ತಾರೆ. ಅವರ ವೃಂದಾವನ ಹಂಪಿಯ ಚಕ್ರತೀರ್ಥದ ಬಳಿ ಇದೆ. ಇಷ್ಟನ್ನು ಹೇಳಿದೆ. "ಹಂಗಾರ ಏಳನೂರು ವರ್ಷದಿಂದ ಇವರಿಗೆ ನಮ್ಮ ಮಾತು ತಿಳೀತದ" ಎಂದು ಅವ್ವ ನಿಶ್ಚಿಂತಳಾದಳು.

ಸಿಂಹಾಚಲಕ್ಕೆ ಒಮ್ಮೆ ಅಕ್ಷಯ ತೃತೀಯೆಯಂದೇ ಹೋದೆವು. ವರಾಹನರಸಿಂಹನ ನಿಜರೂಪ ವರ್ಷದಲ್ಲಿ ಆ ಒಂದು ದಿನ ಮಾತ್ರ ಕಾಣುವುದು. ಉಳಿದಂತೆ ಮೈತುಂಬ ಗಂಧದ ಲೇಪ, ಲಿಂಗದ ಆಕಾರ. ತಾಸುಗಟ್ಟಲೆ ಸಾಲಿನಲ್ಲಿ ನಿಂತು ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಕಂಡೆವು. ನನಗೆ ಸಿಟ್ಟು ಬಂದಿತ್ತು. ಅವ್ವ ಮೆಟ್ಟಿಲಿಳಿಯುತ್ತ, "ಕಾಣದಿದ್ದರೇನು, ಗಂಧದೊಳಗಿಂದ ಕೇಳಸೂದಿಲ್ಲೇನು?" ಎಂದಳು. 1999ರಲ್ಲಿ ಅವ್ವ ಹೋದಳು. ದೀಪ, ಗಂಟೆ ನನ್ನಾಕೆಯ ಪಾಲಿಗೆ ಬಂದವು.

2014ರ ಬೇಸಿಗೆಯಲ್ಲಿ ಅವಳಿಗೆ ಕ್ಯಾನ್ಸರ್ ಎಂದು ತಿಳಿಯಿತು. ಅಕ್ಟೋಬರ್ 12, ಭಾನುವಾರ, ಹುದ್ ಹುದ್ ಚಂಡಮಾರುತ ಊರಿಗೆ ಅಪ್ಪಳಿಸಿದಾಗ ಅವಳು ಹಾಸಿಗೆ ಹಿಡಿದಿದ್ದಳು. ಕಿಟಕಿಯ ಗಾಜು ಒಡೆದು ನೀರು ಒಳಗೆ ನುಗ್ಗಿತು. ಮಂಚವನ್ನು ನಡುಮನೆಗೆ ಎಳೆದು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ. "ಅತ್ತಿಯವರು ಹೇಳ್ತಿದ್ರಲ್ಲ, ಆ ಹೆಸರು ಹೇಳ್ರಿ" ಎಂದಳು. ನನ್ನ ಬಾಯಲ್ಲಿ ಒಂದೇ ಹೆಸರು, ಅವಳದು. ಒಂದೇ ಮಾತು, ಉಳಿಸು. ಸಂಜೆಗೆ ಗಾಳಿ ತಗ್ಗಿತು. ಬೀದಿಯ ಮರಗಳೆಲ್ಲ ನೆಲಕ್ಕೊರಗಿದ್ದವು, ವಿದ್ಯುತ್ತು ಎಷ್ಟೋ ದಿನ ಇರಲಿಲ್ಲ, ಆದರೆ ಅವಳು ಉಳಿದಿದ್ದಳು. ಅರ್ಜಿ ಮಂಜೂರಾಯಿತೆಂದೇ ನಂಬಿದೆ. ಸಿಂಹಾಚಲಕ್ಕೆ ಹರಕೆಯನ್ನೂ ಹೊತ್ತೆ.

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಅವಳು ಹೋದಳು.

ಕರ್ಮಗಳೆಲ್ಲ ಮುಗಿದು ಮಗ ಊರಿಗೆ ಹಿಂದಿರುಗಿದ ಮೇಲೆ ದೇವರ ಗೂಡಿನ ಬಾಗಿಲು ಹಾಕಿದೆ. ಬಿರುಗಾಳಿಯಲ್ಲಿ ಕಿವಿಗೊಟ್ಟವನು ಮೂರೇ ತಿಂಗಳಿಗೆ ಕಿವುಡನಾದನೇ? ಕೊಟ್ಟಂತೆ ಮಾಡಿ ಕಸಿಯುವುದಾದರೆ ಕೊಟ್ಟದ್ದಾದರೂ ಏಕೆ? ಆ ಸಿಟ್ಟು ಆರು ತಿಂಗಳು ಇತ್ತು. ಅದು ತಪ್ಪೆಂದು ಇಂದಿಗೂ ನನಗೆ ಅನಿಸುವುದಿಲ್ಲ.

ಒಂದು ಸಂಜೆ ಎದುರು ಮನೆಯ ಹೆಣ್ಣುಮಗಳು ಬಂದಳು. "ಬಾಬಾಯಿಗಾರೂ, ನಿಮ್ಮ ಮನೆಯ ಗಂಟೆ ಕೇಳಿಯೇ ನಾನು ಹುಡುಗನನ್ನು ಓದಲು ಕೂಡಿಸುತ್ತಿದ್ದೆ. ಈಗ ಎಷ್ಟು ಕೂಗಿದರೂ ಏಳುವುದಿಲ್ಲ, ಗಂಟೆ ಆಗಿಲ್ಲ ಅನ್ನುತ್ತಾನೆ" ಎಂದು ತೆಲುಗಿನಲ್ಲಿ ಹೇಳಿದಳು. ಸಮಾಧಾನ ಹೇಳಲು ಬಂದವಳಲ್ಲ. ನಿಜವಾಗಿಯೂ ಅವಳ ತಾಪತ್ರಯ ಅದು.

ಆ ಹುಡುಗನ ಸಲುವಾಗಿ ಗಂಟೆ ಬಾರಿಸಿದೆ. ಬಾರಿಸಿದ ಮೇಲೆ ಸುಮ್ಮನೆ ನಿಲ್ಲುವುದು ಹೇಗೆ? ಬೇಡಲು ಬಾಯಿ ಬರಲಿಲ್ಲ. ಹೆಸರು ಹೇಳತೊಡಗಿದೆ. ಹುಬ್ಬಳ್ಳಿಯವರು, ಗದಗಿನವರು, ಅಪ್ಪ, ಅವ್ವ. ಅವ್ವನ ಪಟ್ಟಿಯಲ್ಲಿ ಎಷ್ಟೋ ಜನ ಈಗಿಲ್ಲ, ಆದರೂ ಬಿಡಲಿಲ್ಲ. ನನ್ನಾಕೆಯ ಹೆಸರು ಬಂದಾಗ ತಡೆದು ನಿಂತೆ, ಆಮೇಲೆ ಹೇಳಿದೆ. ಆರು ತಿಂಗಳಲ್ಲಿ ಆ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಿದ್ದು ಅಂದೇ.

ಅಂದಿನಿಂದ ನಡೆದುಕೊಂಡು ಬಂದಿದೆ. ಮೇಲೆ ಯಾರಾದರೂ ಕೇಳುತ್ತಾರೆಯೇ ಎಂದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಬೇಡುವುದನ್ನು ಪೂರ್ತಿ ಬಿಟ್ಟೆನೆಂದೂ ಅಲ್ಲ. ಮೊಮ್ಮಗಳಿಗೆ ಜ್ವರ ಬಂದಾಗ ಹಳೆಯ ಅರ್ಜಿ ತಾನಾಗಿ ಹೊರಬಿತ್ತು. ಎದುರು ಮನೆಯ ಹುಡುಗ ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ, ಅವನ ಹೆಸರೂ ಪಟ್ಟಿಯಲ್ಲಿದೆ. ಮೊನ್ನೆ ಕಾಯಿಪಲ್ಯದವಳ ಹೆಸರು ತಪ್ಪಿಹೋಗಿ, ಊಟಕ್ಕೆ ಕುಳಿತ ಮೇಲೆ ನೆನಪಾಯಿತು. ಎದ್ದು ಕೈ ತೊಳೆದು, ಹೇಳಿ ಬಂದೆ. ಅಷ್ಟರಲ್ಲಿ ಅನ್ನ ಆರಿತ್ತು.