ಕೊಳಲು ಊದುವವನಿಗೆ ಪೇಟಿ ಯಾಕೆ?

ಈ ಸಲ ನಾನು ಚುಟುಕ ಬರೆದಿಲ್ಲ, ಒಗಟೂ ಬರೆದಿಲ್ಲ. ನಾಲ್ಕು ತಿಂಗಳಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ಬರೆದಿದ್ದೇನೆ. ಒಂದು ವಾದ್ಯ ಕಲಿಯುವವರು ಇನ್ನೊಂದನ್ನೂ ಕಲಿತರೆ ಲಾಭವೋ ನಷ್ಟವೋ?

ನಾನು ಕೊಳಲು ಕಲಿಯುತ್ತಿರುವುದು ನಿಮಗೆ ಗೊತ್ತೇ ಇದೆ. (ಹಿಂದಿನ ಸಾಲಿನವರು ನನಗೆ ಇಟ್ಟ ಹೆಸರು ನನಗೂ ಗೊತ್ತಿದೆ.) ಪ್ರತಿ ರವಿವಾರ ಬಸ್ಸಿಗೆ ತಾಲೂಕಿಗೆ ಹೋಗಿ ಗುರುಗಳ ಹತ್ತಿರ ಕಲಿತು ಬರುತ್ತೇನೆ. ಈ ಕಡೆ ನಮ್ಮೂರ ಭಜನಿಗೆ ಪೇಟಿ ಬಾರಿಸುವವರು ಅಜ್ಜ ಒಬ್ಬರೇ. ಈಗ ಅವರ ಬೆರಳ ಸಂದುಗಳು ಬಾತು ಮಡಚಲು ಬರುತ್ತಿಲ್ಲ. ಯುಗಾದಿ ಆದ ಮೇಲೆ ಒಂದು ಸೋಮವಾರ ನನ್ನನ್ನು ಕರೆದು, "ತಮ್ಮಾ, ನಿನಗ ಸ್ವರಾ ಗೊತ್ತದಾವ. ಶ್ರಾವಣದಾಗ ಪೇಟಿ ನೀನ ಹಿಡೀಬೇಕು. ಇಲ್ಲಂದ್ರ ಬರೇ ತಾಳ, ದಮ್ಮಡಿ ಮ್ಯಾಲ ಭಜನಿ ಮಾಡಬೇಕಾಗ್ತದ" ಅಂದರು.

ಇದನ್ನು ಕೊಳಲಿನ ಗುರುಗಳಿಗೆ ಹೇಳಿದೆ. ಅವರು, "ಪೇಟಿ ಸ್ವರಾ ಅಂದ್ರ ಗೂಟಕ್ಕ ಕಟ್ಟಿದ ಆಕಳ ಇದ್ದಂಗ. ಕಿವಿ ಅದಕ್ಕ ಹೊಂದಿಕೊಂತಂದ್ರ ನಿನ್ನ ಕೊಳಲಾಗ ಮೀಂಡ ಬರಂಗಿಲ್ಲ ನೋಡು" ಅಂದರು. ಮನೆಯಲ್ಲಿ ಅಪ್ಪ, "ದಿನಕ್ಕ ಸಿಗೋದು ಒಂದ ತಾಸು, ಅದರಾಗ ಎರಡೂ ಅರ್ಧಾ ಮಾಡ್ಕೊಂತಿ" ಅಂದ. ಮೂವರೂ ಹಿರಿಯರು. ಯಾರ ಮಾತನ್ನು ಮೀರುವುದು? ಅದಕ್ಕೆ ನಾಲ್ಕು ತಿಂಗಳು ಕಲಿತೇ ನೋಡೋಣ ಎಂದು ಅಜ್ಜನ ಪಡಸಾಲೆಗೆ ಹೋಗತೊಡಗಿದೆ.

ಪೇಟಿ ನಮ್ಮ ದೇಶದ ವಾದ್ಯವೇ ಅಲ್ಲ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ ಎಂಬವರು 1842ರಲ್ಲಿ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದರು. ದೊಡ್ಡ ಪಿಯಾನೊದಲ್ಲಿ 88 ಮನೆಗಳಿರುತ್ತವೆ, ಪೇಟಿಯಲ್ಲಿ ಅದರ ಅರ್ಧದಷ್ಟೂ ಇಲ್ಲ. ಆದರೆ ಜೋಡಣೆ ಒಂದೇ. ಒಂದು ಸಪ್ತಕಕ್ಕೆ 7 ಬಿಳಿ, 5 ಕರಿ. ಆದ್ದರಿಂದ ಪಟ್ಟಣದಲ್ಲಿ ಪಿಯಾನೊ ಕಲಿತು ಕೊಳಲು ಊದುವ ಹುಡುಗರಿಗೂ ನನಗೂ ಇರುವ ಪ್ರಶ್ನೆ ಒಂದೇ ಎಂದು ನನಗೆ ಅನಿಸುತ್ತದೆ.

ಲಾಭ ಏನೆಂದು ಹೇಳುತ್ತೇನೆ. ಕೊಳಲಿನಲ್ಲಿ ಊದುವ ತೂತು ಬಿಟ್ಟರೆ ಬೆರಳಿಗೆ ಆರೇ ತೂತು. ಮೇಲಿನ ಮೂರು ಮುಚ್ಚಿದರೆ ಸ, ಎರಡು ಮುಚ್ಚಿದರೆ ರಿ, ಒಂದು ಮುಚ್ಚಿದರೆ ಗ. ಆರೂ ಮುಚ್ಚಿ ಮೆಲ್ಲಗೆ ಊದಿದರೆ ಕೆಳಗಿನ ಪ, ಜೋರು ಊದಿದರೆ ನಡುವಿನ ಪ. ಬೆರಳು ಒಂದೇ ಕಡೆ, ಸ್ವರ ಎರಡು! ಊದುವವನಿಗೆ ತನ್ನ ಬೆರಳು ಕಾಣುವುದೂ ಇಲ್ಲ. ಪೇಟಿಯಲ್ಲಾದರೋ ಆ ಎರಡು ಪ ಬೇರೆ ಬೇರೆ ಮನೆಯಲ್ಲಿ ಕೂತಿರುತ್ತವೆ, ಕಣ್ಣಿಗೆ ಕಾಣುತ್ತವೆ.

ನನ್ನ ಕೊಳಲು ಬಿಳಿ ಐದರದು. ಪೇಟಿಯಲ್ಲಿ ಬಿಳಿ ಐದನ್ನು ಸ ಎಂದು ಹಿಡಿದರೆ ಭೂಪ ರಾಗದ ಐದೂ ಸ್ವರ ಬಿಳಿ ಮನೆಗಳಲ್ಲೇ ಸಿಗುತ್ತವೆ. ಸ ರಿ ಗ ಸಾಲಾಗಿ, ಒಂದು ಬಿಳಿ ಮನೆ ಹಾರಿದರೆ ಪ ಧ, ಮತ್ತೊಂದು ಹಾರಿದರೆ ಮೇಲಿನ ಸ. ಮ ಮತ್ತು ನಿ ಈ ರಾಗದಲ್ಲಿ ಇಲ್ಲ ಎಂದು ಗುರುಗಳು ಹೇಳಿ ಬರೆಸಿದ್ದರು, ಆದರೆ ಬಿಟ್ಟ ಜಾಗ ನನಗೆ ಕಂಡಿದ್ದು ಅಜ್ಜನ ಪೇಟಿಯ ಮೇಲೆ. ಈಗ ಕೊಳಲು ಊದುವಾಗಲೂ ಕಣ್ಣು ಮುಚ್ಚಿದರೆ ಆ ಮನೆಗಳು ಸಾಲಾಗಿ ಕಾಣುತ್ತವೆ. ಕೋಮಲ ಗ ಬೇಕಾದರೆ ಎರಡನೆಯ ತೂತನ್ನು ಅರ್ಧ ಮುಚ್ಚಬೇಕು. ಅರ್ಧ ಎಂದರೆ ಎಷ್ಟು? ಕರಿ ಮನೆ ಒತ್ತಿ, ಕೇಳಿ, ಬೆರಳು ಸರಿಸಿ ಸರಿಸಿ ನೋಡಿಕೊಂಡೆ.

ಆದರೆ ಗುರುಗಳ ಮಾತು ಸುಳ್ಳಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಕೊಳಲಿನಲ್ಲಿ ಜಾರಿಕೊಂಡು ಹೋಗಬಹುದು, ಪೇಟಿಯಲ್ಲಿ ಜಿಗಿಯಲೇಬೇಕು. ದರ್ಬಾರಿ ರಾಗದ ಗ ಜೋಕಾಲಿಯಂತೆ ತೂಗಾಡುತ್ತದೆ, ಪೇಟಿ ಅದನ್ನು ತೂಗಲಾರದು. ಇಂಥ ಕೊರತೆಗಳಿಂದಲೇ ಆಕಾಶವಾಣಿಯವರು 1940ರಿಂದ 1971ರವರೆಗೆ ಪೇಟಿಯನ್ನು ದೂರ ಇಟ್ಟಿದ್ದರಂತೆ. ಇನ್ನು ಉಸಿರಿನ ವಿಷಯದಲ್ಲಿ ಪೇಟಿಯಿಂದ ನನಗೆ ಪೈಸೆಯ ಉಪಯೋಗ ಆಗಿಲ್ಲ. ಅಲ್ಲಿ ಗಾಳಿ ಹಾಕುವುದು ಎಡಗೈ! ಇನ್ನೊಂದು ತಮಾಷೆ ಏನೆಂದರೆ, ಮುಂಜಾನೆ ತಣ್ಣಗಿನ ಕೊಳಲನ್ನು ಹಾಗೇ ಊದಿದರೆ ಅದರ ಸ್ವರ ಪೇಟಿಗಿಂತ ಸ್ವಲ್ಪ ಇಳಿದಿರುತ್ತದೆ. ಊದುತ್ತಾ ಬಿಸಿಯಾದ ಮೇಲೆ ಏರುತ್ತದೆ. ಕೊಳಲು ಊದುವವನು ಇದನ್ನೆಲ್ಲ ಕಿವಿಯಿಂದಲೇ ಸರಿ ಮಾಡಿಕೊಳ್ಳಬೇಕು. ಪೇಟಿಯವರಿಗೆ ಆ ಚಿಂತೆ ಇಲ್ಲ.

ಹೋದ ತಿಂಗಳು ಗುರುಗಳು ಪನ್ನಾಲಾಲ್ ಘೋಷ್ ಅವರ ಕಥೆ ಹೇಳಿದರು. ಉದ್ದನೆಯ ಬಿದಿರು ಕೊಳಲನ್ನು ಕಚೇರಿಗೆ ತಂದವರು ಅವರು. 1960ರಲ್ಲಿ ತೀರಿಕೊಂಡರು. ಅವರು ಮೊದಲು ಕಲಿತದ್ದು ಖುಶಿ ಮೊಹಮ್ಮದ್ ಖಾನ್ ಎಂಬ ಪೇಟಿ ಉಸ್ತಾದರ ಹತ್ತಿರ, ಆಮೇಲೆ ಸರೋದಿನ ಅಲ್ಲಾವುದ್ದೀನ್ ಖಾನ್ ಅವರ ಹತ್ತಿರ. ನಮ್ಮ ಗದಗಿನ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೂ ಪೇಟಿ, ತಬಲಾ, ಸಾರಂಗಿ, ವಾಯೊಲಿನ್ ನುಡಿಸುತ್ತಿದ್ದರು ಎಂದೂ ಹೇಳಿದರು. ನಾನು ಮೆಲ್ಲಗೆ, "ಹಂಗಾದ್ರ ಪೇಟಿಯಿಂದ ಅವರ ಕಿವಿ ಕೆಡಲಿಲ್ಲೇನ್ರಿ?" ಅಂದೆ. ಗುರುಗಳು ನಕ್ಕುಬಿಟ್ಟರು. "ಶಾಣ್ಯಾ ಆಗೀದಿ. ಬಾರಿಸು, ಆದ್ರ ಕೊಳಲಿನ ರಿಯಾಜಿಗೆ ಮಾತ್ರ ತಂಬೂರಿನ ಹಚ್ಚು" ಅಂದರು.

ಅಪ್ಪನ ಲೆಕ್ಕ ಮಾತ್ರ ಉಳಿದಿತ್ತು. ಒಂದು ತಾಸು ಒಂದೇ ತಾಸು. ಅದಕ್ಕೆ ಅಜ್ಜನಿಗೆ ಹೀಗೆ ಹೇಳಿ ಬಂದಿದ್ದೇನೆ: ಶ್ರಾವಣದ ಸೋಮವಾರಗಳಲ್ಲಿ ಪೇಟಿ ನಾನು ಹಿಡಿಯುತ್ತೇನೆ, ಉಳಿದ ದಿನ ಕೊಳಲು. ಅಜ್ಜ, "ಉಳದ ದಿನದ ಭಜನಿಗೆ ಯಾರಪಾ?" ಅಂದರು. ನಾನು ಏನೂ ಹೇಳಲಿಲ್ಲ. ಐದನೇ, ಆರನೇ ಇಯತ್ತೆಯಲ್ಲಿ ಯಾರಿಗಾದರೂ ಮನಸ್ಸಿದ್ದರೆ ಸಂಜೆ ಆರರ ಮೇಲೆ ಅಜ್ಜನ ಪಡಸಾಲೆಗೆ ಬನ್ನಿ. ಸ ರಿ ಗ ಮ ದವರೆಗೆ ನಾನೇ ತೋರಿಸುತ್ತೇನೆ, ಮುಂದಿನದನ್ನು ಅಜ್ಜ ಕಲಿಸುತ್ತಾರೆ. ಹುಡುಗಿಯರೂ ಬರಬಹುದು ಎಂದು ಅಜ್ಜ ಹೇಳಿದ್ದಾರೆ.