ಹಿಸಾಬು ಬೇರೆ, ಸೇಡು ಬೇರೆ

ಕಳೆದ ತಿಂಗಳು ನಮ್ಮ ಕಾಲೇಜಿನ ಕನ್ನಡ ಚರ್ಚಾ ಸ್ಪರ್ಧೆಗೆ ಕೊಟ್ಟ ವಿಷಯ ಹೀಗಿತ್ತು: ‘ಅಧಿಕಾರ ದುರುಪಯೋಗ ಮಾಡಿದ ನಾಯಕರಿಗೆ ಮತದಾರರ ತೀರ್ಪೇ ಸಾಕು.’ ಚೀಟಿ ಎತ್ತಿದಾಗ ನನಗೆ ‘ವಿರೋಧ’ ಬಂತು. ಈಗಿನ ನಾಯಕರ ಹೆಸರು ತೆಗೆದರೆ ಚರ್ಚೆ ಜಗಳವಾಗುತ್ತದೆ, ಹಳೆಯ ಉದಾಹರಣೆ ಆರಿಸಿಕೊಳ್ಳಿ ಎಂದು ಸರ್ ಮೊದಲೇ ಹೇಳಿದ್ದರು. ನಾನು ಇಂದಿರಾ ಗಾಂಧಿಯವರನ್ನೂ ತುರ್ತು ಪರಿಸ್ಥಿತಿಯನ್ನೂ ಆರಿಸಿಕೊಂಡೆ. ಆ ಕಾಲವನ್ನು ಕಂಡ ದಾದಿ ಮನೆಯಲ್ಲೇ ಇದ್ದಾರೆ ಎಂಬ ಧೈರ್ಯ.

ನಮ್ಮ ಮನೆಮಾತು ಉರ್ದು. ‘ಉತ್ತರದಾಯಿತ್ವ’ ಎಂಬ ಪದ ನನ್ನ ನಾಲಿಗೆಗೆ ಹೊರಳುತ್ತಲೇ ಇರಲಿಲ್ಲ. ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳುತ್ತಿದ್ದಾಗ ದಾದಿ ಏನದು ಎಂದು ಕೇಳಿದರು.

“ಹಿಸಾಬ್ ಕೊಡೋದು, ದಾದಿ.”

“ಅಷ್ಟಕ್ಕೆ ಇಷ್ಟುದ್ದದ ಮಾತಾ?” ಎಂದು ನಕ್ಕರು. ಯಾರ ಹಿಸಾಬು ಎಂದು ಹೇಳಿದ ಮೇಲೆ ನಗು ನಿಂತಿತು. “ನನ್ನ ಮೊದಲನೇ ಓಟು ಆಕೆಗೇ ಹಾಕಿದ್ದು” ಎಂದರು.

ದಾದಿಯ ಊರು ಚಿಕ್ಕಮಗಳೂರಿನ ಹತ್ತಿರದ ಒಂದು ಹಳ್ಳಿ. 1977ರ ಚುನಾವಣೆಯಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ, 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ನಿಂತರು. ಅವರಿಗಾಗಿ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಆಗ ಓಟು ಹಾಕಲು 21 ವರ್ಷ ತುಂಬಿರಬೇಕಿತ್ತು. ದಾದಿಗೆ ಆಗಷ್ಟೇ ತುಂಬಿತ್ತು.

ದಾದಿ ಇನ್ನೊಂದು ವಿಷಯವನ್ನೂ ಹೇಳಿದರು. 1976ರಲ್ಲಿ ಅವರ ಮದುವೆಯಾಗಿ ಕೆಲವೇ ತಿಂಗಳಾಗಿತ್ತು. ಸಂತೆಯ ದಿನ ಸರ್ಕಾರಿ ಜೀಪು ಬಂದಿದೆ, ಗಂಡಸರನ್ನು ಆಪರೇಷನ್ನಿಗೆ ಕರೆದೊಯ್ಯುತ್ತಾರೆ ಎಂದು ಸುದ್ದಿ ಹಬ್ಬಿತು. ದಾದಾ ಸೈಕಲ್ ರಿಪೇರಿ ಅಂಗಡಿ ಮುಚ್ಚಿ, ಎರಡು ರಾತ್ರಿ ಕಾಫಿ ತೋಟದ ಗೋದಾಮಿನಲ್ಲಿ ಅಡಗಿದ್ದರು. ಆ ಜೀಪು ನಿಜವಾಗಿಯೂ ಅದಕ್ಕೇ ಬಂದಿತ್ತೋ ಬೇರೆ ಕೆಲಸಕ್ಕೋ ದಾದಿಗೆ ಇಂದಿಗೂ ಗೊತ್ತಿಲ್ಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದ ಕಾಲ, ಕೇಳಿ ತಿಳಿಯುವ ದಾರಿಯೂ ಇರಲಿಲ್ಲ.

“ಮತ್ತೆ ಅವರಿಗೇ ಯಾಕೆ ಓಟು ಹಾಕಿದಿರಿ?” ಎಂದೆ.

“ಹಿಡಿದು ಒಳಗೆ ಹಾಕಿದರು, ಮಾರನೇ ದಿನ ಬಿಟ್ಟರು. ಸಾಕ್ಷಿ ಇದ್ದಿದ್ದರೆ ಬಿಡುತ್ತಿದ್ದರಾ? ಅದು ಹಿಸಾಬು ಕೇಳಿದ್ದಲ್ಲ ಬೇಟಿ, ಸೇಡು.”

ದಾದಾ ಮಾತ್ರ ಪಾಟೀಲರಿಗೆ ಓಟು ಹಾಕಿ ಬಂದರಂತೆ. ಅಂದು ರಾತ್ರಿ ಇಬ್ಬರೂ ಮಾತಾಡದೆ ಊಟ ಮಾಡಿದರಂತೆ.

ನಾನು ಲೈಬ್ರರಿಗೆ ಹೋಗಿ ಓದಿದೆ. ದಾದಿ ಹೇಳಿದ್ದು ಸರಿಯಾಗಿತ್ತು. 1977ರ ಅಕ್ಟೋಬರ್ 3ರಂದು ಇಂದಿರಾ ಅವರ ಬಂಧನವಾಯಿತು. ಮರುದಿನ ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಿದರು. ಚಿಕ್ಕಮಗಳೂರಿನಲ್ಲಿ ಗೆದ್ದ ಮೇಲೆ, ಡಿಸೆಂಬರ್ 19ರಂದು ಲೋಕಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸಿತು. ಅಂದರೆ ದಾದಿಯ ಮೊದಲ ಓಟು ಒಂದೂವರೆ ತಿಂಗಳೂ ಬಾಳಲಿಲ್ಲ. 1981ರಲ್ಲಿ ಇಂದಿರಾ ಪಕ್ಷಕ್ಕೇ ಬಹುಮತವಿದ್ದ ಲೋಕಸಭೆ ಆ ನಿರ್ಣಯವನ್ನು ರದ್ದು ಮಾಡಿತು. ಬಹುಮತ ಬದಲಾದಂತೆ ತಪ್ಪೂ ಬದಲಾಯಿತು.

ಆದರೆ ಸರಿಯಾದ ಹಿಸಾಬೂ ಇತ್ತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ, ಅಧಿಕಾರದಲ್ಲಿದ್ದ ಪ್ರಧಾನಿಯ ಆಯ್ಕೆಯನ್ನೇ ಅಸಿಂಧು ಎಂದರು. ಎರಡು ವಾರದೊಳಗೆ ತುರ್ತು ಪರಿಸ್ಥಿತಿ ಬಂತು. ಆಮೇಲೆ ಚುನಾವಣಾ ಕಾನೂನನ್ನೇ ಹಿಂದಿನ ದಿನಾಂಕದಿಂದ ತಿದ್ದಲಾಯಿತು. 1977ರಲ್ಲಿ ನೇಮಕವಾದ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಬಂಧನಗಳು, ದೆಹಲಿಯ ತುರ್ಕಮಾನ್ ಗೇಟಿನ ಮನೆ ಕೆಡವಿದ್ದು, ಬಲವಂತದ ಸಂತಾನಹರಣ ಚಿಕಿತ್ಸೆ ಎಲ್ಲವನ್ನೂ ವಿಚಾರಿಸಿ ಮೂರು ವರದಿ ಕೊಟ್ಟಿತು. ಇಂದಿರಾ ಅದರ ಮುಂದೆ ಪ್ರಮಾಣ ಮಾಡಿ ಸಾಕ್ಷ್ಯ ಹೇಳಲು ಒಪ್ಪಲಿಲ್ಲ. 1980ರಲ್ಲಿ ಜನ ಅವರನ್ನು ಮತ್ತೆ ಗೆಲ್ಲಿಸಿದರು, ವರದಿ ಮೂಲೆ ಸೇರಿತು. ಎಷ್ಟರಮಟ್ಟಿಗೆ ಎಂದರೆ, ಸಂಸದರಾಗಿದ್ದ ಇರಾ ಸೆಳಿಯನ್ 2010ರಲ್ಲಿ ಅದನ್ನು ಮರುಮುದ್ರಿಸಬೇಕಾಯಿತು.

ಸ್ಪರ್ಧೆಯ ದಿನ ಎದುರು ತಂಡದ ಗೆಳತಿ ನೇರವಾಗಿ ಕೇಳಿದಳು: “1977ರಲ್ಲಿ ಜನರೇ ಶಿಕ್ಷೆ ಕೊಟ್ಟರು, 1980ರಲ್ಲಿ ಜನರೇ ಕ್ಷಮಿಸಿದರು. ನಡುವೆ ಕೋರ್ಟು, ಆಯೋಗ ಯಾಕೆ?”

ಒಂದು ಕ್ಷಣ ಬಾಯಿ ಕಟ್ಟಿತು. ಆಮೇಲೆ ನಮ್ಮ ಕಾಮರ್ಸ್ ಪಾಠವೇ ನೆನಪಾಯಿತು. ಕಂಪನಿಯ ವಾರ್ಷಿಕ ಸಭೆಯಲ್ಲಿ ಷೇರುದಾರರು ಅದೇ ನಿರ್ದೇಶಕರನ್ನು ಮತ್ತೆ ಆರಿಸಬಹುದು. ಅದು ಅವರ ಹಕ್ಕು. ಹಾಗೆಂದು ಆಡಿಟರ್ ಬೇಡ ಎನ್ನುತ್ತೇವೆಯೇ? ಮುಂದೆ ಯಾರು ನಡೆಸಬೇಕು ಎಂಬುದನ್ನು ಓಟು ಹೇಳುತ್ತದೆ. ಹಿಂದೆ ಏನು ನಡೆಯಿತು ಎಂಬುದನ್ನು ಲೆಕ್ಕಪರಿಶೋಧನೆ ಹೇಳುತ್ತದೆ. ನಮ್ಮ ದಾದಾ ಗೋದಾಮಿನಲ್ಲಿ ಕಳೆದ ಎರಡು ರಾತ್ರಿ ಯಾವ ಮತಪೆಟ್ಟಿಗೆಯಲ್ಲೂ ಎಣಿಕೆಗೆ ಬರುವುದಿಲ್ಲ ಎಂದೆ.

ಇನ್ನೊಂದು ಮಾತನ್ನೂ ಒಪ್ಪಿಕೊಂಡೆ. ಕಂಪನಿಯ ನೌಕರನೇ ಅದರ ಆಡಿಟರ್ ಆಗುವಂತಿಲ್ಲ ಎನ್ನುತ್ತದೆ ಕಾನೂನು. ಹಾಗೆಯೇ ಎದುರಂಗಡಿಯವನು ಬಂದು ನಮ್ಮ ಖಾತೆ ಪುಸ್ತಕ ನೋಡಿದರೆ ಯಾರು ನಂಬುತ್ತಾರೆ? ಜನತಾ ಸರ್ಕಾರದ ಅವಸರದ ಬಂಧನವೂ ಲೋಕಸಭೆಯ ಉಚ್ಚಾಟನೆಯೂ ಎದುರಂಗಡಿಯವರ ಆಡಿಟ್ ಆಗಿದ್ದವು. ಅದರಿಂದ ಶಾ ಆಯೋಗದ ನಿಜವಾದ ಲೆಕ್ಕವನ್ನೂ ಜನ ಸೇಡೆಂದೇ ತಿಳಿಯುವುದು ಸುಲಭವಾಯಿತು.

ನಮ್ಮ ತಂಡಕ್ಕೆ ಎರಡನೇ ಸ್ಥಾನ ಬಂತು. ನೀನು ಅರ್ಧ ಎದುರು ತಂಡದ ಪರವೇ ಮಾತಾಡಿದೆ ಎಂದು ತೀರ್ಪುಗಾರರಾಗಿದ್ದ ಮೇಡಂ ನಕ್ಕರು. ನನಗೆ ಬೇಸರವಾಗಲಿಲ್ಲ. ಬರುವ ವರ್ಷ ನನಗೆ 18 ತುಂಬುತ್ತದೆ. ನಾನು ಮೆಚ್ಚಿ ಓಟು ಹಾಕಿದವರನ್ನೂ ಹಿಸಾಬು ಕೇಳಬೇಕು, ಮೆಚ್ಚದವರ ಮೇಲೂ ಸೇಡು ಬಯಸಬಾರದು. ಎರಡೂ ಕಷ್ಟವೇ.

ಮನೆಗೆ ಬಂದಾಗ ದಾದಿ ಬಹುಮಾನದ ವಿಷಯ ಕೇಳಲಿಲ್ಲ. “ನಿನ್ನ ದಾದಾನ ಮಾತು ಹೇಳಿದೆಯಾ?” ಎಂದರು. ಹೇಳಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಇದ್ದಾಗ ಯಾರೂ ಕೇಳಲಿಲ್ಲ. ಎಲ್ಲಾದರೂ ಬರೆದಿಡು” ಎಂದರು.

ಅದಕ್ಕೇ ಇಲ್ಲಿ ಬರೆದಿದ್ದೇನೆ.