ಪಟ್ಟಿಯಲ್ಲಿ ಹೆಸರು

ನಮ್ಮ ಹೊಳೆಮಣ್ಣೂರಿನಲ್ಲಿ ಮಕ್ಕಳು ಆಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಶಾಲೆ ಬಿಟ್ಟ ಮೇಲೆ ಕತ್ತಲಾಗುವ ತನಕ ಕಬಡ್ಡಿ, ಖೊಖೊ, ಚಿನ್ನಿದಾಂಡು, ಕ್ರಿಕೆಟ್ ಏನಾದರೂ ಆಡಿಕೊಳ್ಳಲಿ. ಅಡ್ಡಿ ಶುರುವಾಗುವುದು ಹುಡುಗ ನಿಜವಾಗಿಯೂ ಚೆನ್ನಾಗಿ ಆಡತೊಡಗಿದ ಮೇಲೆ. ಸುಮಾರಾಗಿ ಆಡುವವನನ್ನು ದೀಪ ಹಚ್ಚುವ ಹೊತ್ತಿಗೆ ಕರೆದು ಪುಸ್ತಕದ ಮುಂದೆ ಕೂರಿಸಿದರೆ ಮುಗಿಯಿತು. ಚೆನ್ನಾಗಿ ಆಡುವವನನ್ನು ಏನು ಮಾಡಬೇಕು?

ಎರಡು ವರ್ಷದ ಹಿಂದೆ ಈ ಪ್ರಶ್ನೆ ನಮ್ಮ ಪಡಸಾಲೆಗೇ ಬಂದು ಕುಳಿತಿತು. ತಮ್ಮನ ಮಗ ಆಗ ಏಳನೆಯ ಇಯತ್ತೆ. ಕ್ರೀಡಾ ವಸತಿ ನಿಲಯದ ಆಯ್ಕೆಗೆ ಹೋಗಿದ್ದ. ಎತ್ತರ ಅಳೆದು, ಓಡಿಸಿ, ಜಿಗಿಸಿ ನೋಡಿದವರು ಅವನನ್ನು ಹಾಕಿಗೆ ಆರಿಸಿದರು. ಹಾಕಿ ಸ್ಟಿಕ್ಕನ್ನು ಅವನು ಅದುವರೆಗೆ ಕೈಯಲ್ಲಿ ಹಿಡಿದದ್ದು ಎರಡೇ ಸಲ. ಓಟ ಮಾತ್ರ ಮೊಲದ್ದು.

"ಅಣ್ಣಾ, ನೀ ಮಾಸ್ತರಕಿ ಮಾಡಿದಾಂವ. ಕಳಸೂದೋ ಬ್ಯಾಡೋ ನೀನ ಹೇಳು" ಎಂದ ತಮ್ಮ. ಒಳಗಿನಿಂದ ಅವ್ವನ ದನಿ ಬಂತು: "ಹದಿಮೂರು ವರ್ಷದ ಕೂಸನ್ನ ಮಂದಿ ಊರಾಗ ಬಿಟ್ಟು ನಿಮಗ ರೊಟ್ಟಿ ಹ್ಯಾಂಗ ಇಳೀತೈತಿ?" ತಮ್ಮನ ಚಿಂತೆ ರೊಟ್ಟಿಯದೇ ಆದರೂ ಬೇರೆ ತರಹದ್ದು. "ಆಡಿದರ ಹೊಟ್ಟಿ ತುಂಬತೈತೇನು?" ಎಂಬುದು ಅವನ ಪ್ರಶ್ನೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನಮ್ಮದು ಮಲಪ್ರಭೆಯ ದಂಡೆ. 2009ರಲ್ಲಿ, ಮತ್ತೆ 2019ರಲ್ಲಿ ಹೊಳೆ ಬಂದು ಹೋದ ಹೊಲವನ್ನು ಕಂಡ ತಂದೆಗೆ ಮಗನಿಗೊಂದು ತಿಂಗಳ ಪಗಾರದ ನೌಕರಿ ಇರಲಿ ಎನ್ನಿಸಿದರೆ ಅದು ದುರಾಸೆಯಲ್ಲ.

ಎಂಟು ದಿನದ ಗಡುವು ಕೇಳಿದೆ. ಆ ಎಂಟು ದಿನ ನಾನು ಮಾಡಿದ್ದು ಒಂದೇ ಕೆಲಸ. ಹೆಸರಾದ ಆಟಗಾರರು ಹೆಸರಾಗುವ ಮೊದಲು ಏನು ಮಾಡುತ್ತಿದ್ದರು ಎಂದು ಓದುತ್ತ ಹೋದೆ. ಪೇಪರಿನಲ್ಲಿ ಹಾರ ಹಾಕಿಸಿಕೊಂಡ ಫೋಟೋ ದೊಡ್ಡದಾಗಿ ಬರುತ್ತದೆ. ಅದರ ಹಿಂದಿನ ಹತ್ತು ವರ್ಷ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ತಂದೆತಾಯಿಗಳಿಗೆ ಬೇಕಾದದ್ದು ಆ ಎರಡು ಸಾಲು.

ಹತ್ತಿರದವರೆಂದರೆ ನಮ್ಮ ಗದಗಿನ ಸುನಿಲ್ ಜೋಶಿಯವರು. ಆಟ ಬೇರೆ, ಕ್ರಿಕೆಟ್. ಹುಡುಗನಾಗಿದ್ದಾಗ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ, ಹೆಚ್ಚುಕಡಿಮೆ 60 ಕಿಲೋಮೀಟರ್, ಅಭ್ಯಾಸಕ್ಕೆ ಹೋಗಿ ಶಾಲೆಯ ಹೊತ್ತಿಗೆ ಮರಳಿ ಬರುತ್ತಿದ್ದರು. ಭಾರತದ ಟೆಸ್ಟ್ ತಂಡಕ್ಕೆ ಬಂದದ್ದು 1996ರಲ್ಲಿ, 26ನೆಯ ವಯಸ್ಸಿಗೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತದ್ದು ಎಲ್ಲರಿಗೂ ನೆನಪಿದೆ. ನನಗೆ ಕಾಡಿದ್ದು ಆ ಬೆಳಗಿನ ಜಾವ. ಅಷ್ಟು ಹೊತ್ತಿಗೆ ಯಾರೋ ಒಬ್ಬರು ಎದ್ದು ಒಲೆ ಹಚ್ಚಿರಬೇಕಲ್ಲ.

ಹಾಕಿಯಲ್ಲಿ ಹುಡುಕಿದಾಗ ಸಿಕ್ಕವರು ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್. ಕೊಡಗಿನಲ್ಲಿ ಹಾಕಿ ಎಂದರೆ ನಮ್ಮಲ್ಲಿ ಕುಸ್ತಿ ಇದ್ದಂತೆ, ಮನೆತನದ ವಿಷಯ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರ ಹೊತ್ತಿಗೆ 360 ಕುಟುಂಬಗಳು ಆಡಿದವು. ಆದರೆ ಸುನಿಲ್‌ರ ಮನೆಯಲ್ಲಿ ಸ್ಟಿಕ್ ಕೊಳ್ಳುವಷ್ಟು ಅನುಕೂಲವಿರಲಿಲ್ಲ. ಬಿದಿರಿನ ಕೋಲಿನಲ್ಲಿ ಆಡಿ ಕಲಿತರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರು. 2007ರಲ್ಲಿ, 18ನೆಯ ವಯಸ್ಸಿಗೆ, ಚೆನ್ನೈಯ ಏಷ್ಯಾ ಕಪ್‌ನಲ್ಲಿ ಭಾರತ ತಂಡಕ್ಕೆ ಬಂದರು. ಫೈನಲ್‌ನಲ್ಲಿ ಭಾರತ ಕೊರಿಯಾವನ್ನು 7–2ರಿಂದ ಸೋಲಿಸಿತು. ಇನ್ನೇನು ಬೇಕು ಎನ್ನಬೇಕು ನೀವು. ಆರೇ ತಿಂಗಳಿಗೆ, 2008ರ ಮಾರ್ಚ್‌ನಲ್ಲಿ, ಭಾರತದ ಹಾಕಿ ತಂಡ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 1928ರಿಂದ ಅಂಥದ್ದು ಆಗಿರಲಿಲ್ಲ. ಇಡೀ ದೇಶ ಹಾಕಿಗೆ ಎಳ್ಳುನೀರು ಬಿಟ್ಟಂತೆ ಮಾತಾಡಿತು. ಆಗಷ್ಟೇ ಹಾಕಿಯನ್ನು ಬದುಕಾಗಿ ಆರಿಸಿಕೊಂಡ ಹುಡುಗನ ಮನೆಯಲ್ಲಿ ಆ ದಿನ ಏನು ಮಾತು ನಡೆದಿರಬಹುದು?

ಮರುವರ್ಷ, 2009ರಲ್ಲಿ, ಮಲೇಷ್ಯಾದ ಇಪೋದಲ್ಲಿ ಅಜ್ಲಾನ್ ಷಾ ಕಪ್ ಆಡುತ್ತಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು. ಅವರು ಅಲ್ಲೇ ಉಳಿದು ಆಡಿದರು. ಭಾರತ ಕಪ್ ಗೆದ್ದಿತು. ಇದನ್ನು ಓದಿ ಹೇಳಿದಾಗ ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಅಂವಗ ಯಾರರ ಅಲ್ಲಿ ಊಟಕ್ಕ ಎಬ್ಬಿಸಿದ್ರೋ ಇಲ್ಲೋ" ಎಂದಳು. ಈ ಪ್ರಸಂಗವನ್ನು ತ್ಯಾಗ ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ನನಗೆ ಹಾಗೆ ಹೇಳಲು ನಾಲಗೆ ಏಳುವುದಿಲ್ಲ. ಹತ್ತೊಂಬತ್ತರ ಹುಡುಗ ಅಂಥ ಆಯ್ಕೆ ಮಾಡಬೇಕಾಗಿ ಬಂತಲ್ಲ ಎಂದಷ್ಟೇ ಅನ್ನಿಸುತ್ತದೆ. ಮುಂದೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ ಕೊನೆಯ ಸ್ಥಾನ, 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 2017ರಲ್ಲಿ ಅರ್ಜುನ ಪ್ರಶಸ್ತಿ. ಒಟ್ಟು 264 ಪಂದ್ಯ, 72 ಗೋಲು. ಅಷ್ಟಾದ ಮೇಲೂ 2021ರಲ್ಲಿ ಟೋಕಿಯೋಗೆ ಹೊರಟವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆ ತಂಡ 41 ವರ್ಷಗಳ ನಂತರ ಪದಕ ತಂದಿತು.

ಇವನ್ನೆಲ್ಲ ನಾನು ಓದುತ್ತಿದ್ದರೆ ಹುಡುಗ ಫೋನಿನಲ್ಲಿ ಬೇರೇನೋ ನೋಡುತ್ತಿದ್ದ. "ದೊಡ್ಡಪ್ಪಾ, ಇಲ್ಲಿ ನೋಡ. ಬರ್ಫದ ಮ್ಯಾಲ ಹಾಕಿ ಆಡ್ತಾರ!" ಕಾಲಿಗೆ ಅಲಗಿನ ಬೂಟು, ಚೆಂಡಿನ ಬದಲು ಕರಿ ರಬ್ಬರಿನ ಬಿಲ್ಲೆ, ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸುವ ಆಟ. ನಮ್ಮ ದೇಶದಲ್ಲೂ ಲಡಾಖಿನವರು ಹೆಪ್ಪುಗಟ್ಟಿದ ನೀರಿನ ಮೇಲೆ ಆಡುತ್ತಾರೆ. 2017ರಲ್ಲಿ ಭಾರತದ ಮಹಿಳಾ ತಂಡ ಫಿಲಿಪ್ಪೀನ್ಸನ್ನು 4–3ರಿಂದ ಸೋಲಿಸಿ ಮೊದಲ ಗೆಲುವು ಕಂಡಿತು. ಆದರೆ ಆ ಆಟದ ತವರು ಕೆನಡಾ. ಅಲ್ಲಿ ಹದಿನಾರರ ಹೊತ್ತಿಗೆ ಜಾಣ ಆಟಗಾರ ಮನೆ ಬಿಟ್ಟು ಬೇರೆ ಊರಿನ ತಂಡ ಸೇರಿ, ಅಲ್ಲಿ ಇನ್ನಾರದೋ ಮನೆಯಲ್ಲಿ ಉಂಡು ಮಲಗಿ ಶಾಲೆ ಕಲಿಯುವುದು ರೂಢಿ. ದಿಗ್ಗಜನೆನಿಸಿದ ವೇಯ್ನ್ ಗ್ರೆಟ್ಸ್‌ಕಿ ಹದಿನಾಲ್ಕಕ್ಕೇ ಮನೆ ಬಿಟ್ಟು ಟೊರಾಂಟೊಗೆ ಹೋದ. ಇದನ್ನು ಹೇಳಿದಾಗ ಅವ್ವ, "ಅಲ್ಲೂ ಹಿಂಗ ಐತೇನು!" ಎಂದು ಸ್ವಲ್ಪ ಸಮಾಧಾನಪಟ್ಟಳು.

ಗ್ರೆಟ್ಸ್‌ಕಿಗಿಂತ ನನಗೆ ಆಪ್ತನಾದವನು ರಾಬಿನ್ ಬಾವಾ. ಕೆನಡಾದ ಡಂಕನ್ ಎಂಬ ಊರಿನ ಪಂಜಾಬಿ ಸಿಖ್ ಮನೆತನದ ಹುಡುಗ. ಅಲ್ಲಿ ವರ್ಷಕ್ಕೊಮ್ಮೆ ದೊಡ್ಡ ಲೀಗಿನ ತಂಡಗಳೆಲ್ಲ ಸೇರಿ ಎಳೆಯ ಆಟಗಾರರನ್ನು ಹೆಸರು ಕೂಗಿ ಆರಿಸಿಕೊಳ್ಳುತ್ತವೆ. ಅವನ ಹೆಸರನ್ನು ಯಾರೂ ಕೂಗಲಿಲ್ಲ. ಅವನು ಕೆಳದರ್ಜೆಯ ವೃತ್ತಿಪರ ಲೀಗಿಗೆ ಸೇರಿ ಆಡತೊಡಗಿದ. 1989ರಲ್ಲಿ, 23ನೆಯ ವಯಸ್ಸಿಗೆ, ವಾಷಿಂಗ್ಟನ್ ತಂಡದಿಂದ ಎನ್‌ಎಚ್‌ಎಲ್‌ಗೆ ಇಳಿದ. ಭಾರತೀಯ ಮೂಲದವನೊಬ್ಬ ಆ ಲೀಗಿನಲ್ಲಿ ಆಡಿದ್ದು ಅದೇ ಮೊದಲು. ಆ ಋತುವಿನಲ್ಲಿ ಸಿಕ್ಕದ್ದು 5 ಪಂದ್ಯ, ಹೊಡೆದದ್ದು ಒಂದು ಗೋಲು. ಮತ್ತೆ ಕೆಳಗಿನ ತಂಡ, ಮತ್ತೆ ಮೇಲೆ. ನಾಲ್ಕು ತಂಡ ಸುತ್ತಿ ಒಟ್ಟು 61 ಪಂದ್ಯ. ಲೆಕ್ಕ ಹಾಕುವವರಿಗೆ ಇದು ಸಣ್ಣದೆನ್ನಿಸಬಹುದು. ನಾನು ಆ ಹುಡುಗನಿಗೆ ಓದಿ ಹೇಳಿದ್ದು ಇದನ್ನೇ.

ಒಂಬತ್ತನೆಯ ದಿನ ತಮ್ಮನಿಗೆ ಹೇಳಿದೆ: "ಕಳಸು. ಆದರ ಹೊಟ್ಟಿ ತುಂಬತೈತಿ ಅಂತ ತಿಳಕೊಂಡು ಕಳಸಬ್ಯಾಡ." ರೈಲ್ವೆ, ಬ್ಯಾಂಕು, ಪೊಲೀಸ್ ಇಲಾಖೆಗಳು ಆಟಗಾರರಿಗೆ ನೌಕರಿ ಕೊಟ್ಟಿವೆ, ನಿಜ. ಆದರೆ ಆಡುವವರು ಸಾವಿರ, ಜಾಗ ಬೆರಳೆಣಿಕೆ. ಎರಡು ಕರಾರು ಹಾಕಿದೆ. ಎಸ್ಸೆಸ್ಸೆಲ್ಸಿವರೆಗೆ ಓದು ತುಂಡಾಗಬಾರದು. ಅವನು ಯಾವ ದಿನ ಚೀಲ ಹೆಗಲಿಗೇರಿಸಿ ಮರಳಿ ಬಂದರೂ ಮನೆಯಲ್ಲಿ ಯಾರೂ "ಯಾಕ ಬಂದಿ" ಎನ್ನಕೂಡದು. ಎರಡನೆಯದಕ್ಕೆ ಅವ್ವ ಕೂಡಲೇ ಒಪ್ಪಿದಳು. ತಮ್ಮನಿಗೆ ತುಸು ಹೊತ್ತು ಹಿಡಿಯಿತು.

ಹುಡುಗ ಹೋದ. ಮೊದಲ ತಿಂಗಳು ಫೋನಿನಲ್ಲಿ ಬರೀ ಅಳು. ದಸರೆಗೆ ಬಂದಾಗ ಮಾತೆಲ್ಲ ಟರ್ಫಿನದು. "ಆಡೂಕಿಂತ ಮೊದಲ ಮೈದಾನಕ್ಕ ನೀರ ಹೊಡೀತಾರ ದೊಡ್ಡಪ್ಪಾ. ಇಲ್ಲಾಂದ್ರ ಚೆಂಡು ಓಡೂದಿಲ್ಲ, ಮೊಣಕಾಲು ಕಿತ್ತು ಬರತಾವ." ಪ್ಲಾಸ್ಟಿಕ್ ಹುಲ್ಲಿಗೆ ನೀರೇ ಎಂದು ಅವನಪ್ಪ ಕಣ್ಣು ಬಿಟ್ಟ. ಆ ವರ್ಷ ನಮ್ಮ ಕಡಲೆ ಬಿತ್ತನೆಗೆ ಹಸಿ ಸಾಲದೆ ಆಕಾಶ ನೋಡುತ್ತ ಕೂತಿದ್ದೆವು.

ಈ ಸಲ ಮೊದಲ ಬಾರಿಗೆ ಜಿಲ್ಲಾ ತಂಡದ ಪಟ್ಟಿ ಅಂಟಿಸಿದರು. ಹದಿನೆಂಟು ಹೆಸರು. ಅವನದಿಲ್ಲ. ಸಂಜೆ ಅವನೇ ಫೋನ್ ಮಾಡಿ ಹೇಳಿದ. ತಮ್ಮ ಫೋನನ್ನು ಕಿವಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಉಂಡಿಯೇನು?" ಎಂದು ಕೇಳಿದ. ಆ ಕಡೆಯಿಂದ ಏನು ಬಂತೋ, "ಹಂಗಾರ ಯಾವ ನಂಬರಿಂದು ಹೇಳು, ಬರಕೋತೀನಿ" ಎಂದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ಪೆನ್ನಿಗಾಗಿ ತಡಕಾಡಿದ. ಹುಡುಗನ ಬೂಟಿನ ಅಟ್ಟೆ ಬಿಟ್ಟಿತ್ತಂತೆ. ಶನಿವಾರ ಹೊಳೆಆಲೂರಿನಿಂದ ರೈಲು ಹತ್ತಿ ಗದಗಿಗೆ ಹೋಗಿ ಬಂದ. ಹೋಗುವಾಗ ಅವ್ವ ಕೈಗೆ ಕೊಟ್ಟ ಶೇಂಗಾ ಹೋಳಿಗೆಯ ಗಂಟು ಅವನ ಊಟದ ಗಂಟಿಗಿಂತ ದೊಡ್ಡದಿತ್ತು.